ಓದುಗರ ಪ್ರಶ್ನೆ: ಯಾವ ನ್ಯೂಸ್ ನಂಬೋದು ಹೇಳಿ

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ ಇದ್ವು, ನ್ಯೂಸ್ ಚಾನೆಲ್‌ಗಳು, ಪೇಪರ್‌ಗಳು, ಇವರನ್ನ ನಂಬ್ಬೇಕಾ ಬೇಡ್ವಾ ಅಂತ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ, ಹೆಸರು ಹಾಕಿಲ್ಲ.

ಪ್ರಶ್ನೆ: ಸಾರ್, ಸುತ್ತಿಬಳಸಿ ಹೇಳೋದು ಬೇಡ. ಒಂದೇ ಒಂದು ಚಾನೆಲ್ ಅಥವಾ ಪೇಪರ್ ಹೆಸರು ಹೇಳಿ, ಅದನ್ನೇ ನೋಡ್ತೀನಿ, ಮಿಕ್ಕಿದ್ದೆಲ್ಲಾ ಬಿಡ್ತೀನಿ. (ನಿವೃತ್ತ ನೌಕರರು)

ಹೆಸರು ಹೇಳಲ್ಲ, ಹೇಳಿದ್ರೆ ನಿಮಗೆ ಅನ್ಯಾಯ ಮಾಡಿದ ಹಾಗಾಗುತ್ತೆ. ನಂಬಿಕೆನ ಒಂದು ಸಂಸ್ಥೆಗೆ ಸಗಟಾಗಿ ಬರ್ಕೊಟ್ಟುಬಿಡ್ತೀವಲ್ಲ, ನನ್ನ ಪ್ರಕಾರ ತೊಂದರೆ ಶುರುವಾಗೋದೇ ಅಲ್ಲಿಂದ. ಒಂದೇ ಪೇಪರ್‌ನಲ್ಲಿ ಕೋರ್ಟ್ ವರದಿ ಅಚ್ಚುಕಟ್ಟಾಗಿ ಬಂದಿರುತ್ತೆ, ರಾಜಕೀಯದ ಪುಟ ಒಂದು ಕಡೆ ವಾಲಿರುತ್ತೆ, ಆರೋಗ್ಯದ ಪುಟ ಯಾರೋ ಕಂಪನಿಯವರು ಕಳಿಸಿದ ಪ್ರೆಸ್ ನೋಟ್‌ನ ಹಾಗೇ ಇಳಿಸಿರುತ್ತೆ. ಹಾಗಾಗಿ ನಂಬಿಕೆ ಕೊಡೋದಿದ್ರೆ ಒಂದೊಂದು ಸುದ್ದಿಗೂ ಬೇರೆ ಬೇರೆ ಕೊಡಿ. ಇದನ್ನ ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತಾಯ್ತು, ಇದು ಹೊರಗೆ ಬಂದ್ರೆ ಅವರಿಗೇನು ಲಾಭ, ಇಷ್ಟು ಕೇಳ್ಕೊಂಡು ಓದಿದ್ರೆ ನ್ಯೂಸ್ ಓದೋ ರೀತಿನೇ ಬದಲಾಗುತ್ತೆ.

ಇನ್ನೊಂದು ವಿಷಯ, ತಪ್ಪು ಬೇರೆ, ಪಕ್ಷಪಾತ ಬೇರೆ, ಮೋಸ ಬೇರೆ, ನಾವು ಸಿಟ್ಟಲ್ಲಿ ಮೂರನ್ನೂ ಒಂದೇ ಮೂಟೆಗೆ ಕಟ್ಟಿಬಿಡ್ತೀವಿ. 1948ರ ಅಮೆರಿಕ ಅಧ್ಯಕ್ಷ ಚುನಾವಣೆಲಿ ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಟ್ರೂಮನ್ ಸೋತರು, ಡ್ಯೂಯಿ ಗೆದ್ದರು ಅಂತ ಮುಖಪುಟದಲ್ಲಿ ದೊಡ್ಡದಾಗಿ ಹಾಕ್ತು, ಗೆದ್ದಿದ್ದು ಟ್ರೂಮನ್. ಅವರು ನಗ್ತಾ ಆ ಪೇಪರ್ ಎತ್ತಿ ಹಿಡಿದಿರೋ ಫೋಟೋನ ನಿಮ್ಮಲ್ಲಿ ತುಂಬ ಜನ ನೋಡಿರ್ತೀರ. ಆ ಪತ್ರಿಕೆಗೆ ಟ್ರೂಮನ್ ಕಂಡ್ರೆ ಆಗ್ತಿರಲಿಲ್ಲ ಅನ್ನೋದು ನಿಜ, ಆದ್ರೆ ಆವತ್ತಿನ ಎಡವಟ್ಟಿಗೆ ಬೇರೆ ಕಾರಣಗಳೂ ಇದ್ವು, ಅಚ್ಚು ಮೊಳೆ ಜೋಡಿಸೋರ ಮುಷ್ಕರ ನಡೀತಿದ್ದಿದ್ರಿಂದ ಪುಟಗಳನ್ನ ಮಾಮೂಲಿಗಿಂತ ಮುಂಚೆನೇ ಅಚ್ಚಿಗೆ ಕಳಿಸ್ಬೇಕಿತ್ತು, ಮತ ಎಣಿಕೆ ಇನ್ನೂ ಮುಗಿದಿರ್ಲಿಲ್ಲ, ಸಮೀಕ್ಷೆಗಳೆಲ್ಲಾ ಡ್ಯೂಯಿ ಗೆಲ್ತಾರೆ ಅಂತ ಹೇಳಿ ವಾರಗಟ್ಟಲೆ ಮುಂಚೆನೇ ಕೈ ತೊಳ್ಕೊಂಡಿದ್ವು. ಅವಸರ ಮತ್ತೆ ಮೊದಲೇ ಮನಸ್ಸಲ್ಲಿ ಕೂತಿರೋ ತೀರ್ಮಾನ ಎರಡೂ ಸೇರಿದ್ರೆ ಹೀಗಾಗುತ್ತೆ. ಇವತ್ತಿನ ಬ್ರೇಕಿಂಗ್ ನ್ಯೂಸ್‌ನಲ್ಲಿ ದಿನಾ ಅದೇ ಕಥೆ, ಅದಕ್ಕೇ ಯಾವುದೇ ದೊಡ್ಡ ಘಟನೆಯ ಮೊದಲ ಕೆಲವು ಗಂಟೆಯ ಸುದ್ದಿ ನೋಡಿ ಯಾರ ಮೇಲೂ ತೀರ್ಪು ಕೊಡ್ಬೇಡಿ.

ಪ್ರಶ್ನೆ: ಒಂದೂ ಸುಳ್ಳು ಹೇಳದೆ ಪಕ್ಷಪಾತ ಮಾಡೋಕಾಗುತ್ತಾ? ನಮ್ಮ ಲೆಕ್ಚರರ್ ಆಗುತ್ತೆ ಅಂತಾರೆ, ನನಗೆ ಅರ್ಥ ಆಗ್ಲಿಲ್ಲ. (ಪತ್ರಿಕೋದ್ಯಮ ವಿದ್ಯಾರ್ಥಿನಿ)

ಆಗುತ್ತಮ್ಮ, ಧಾರಾಳವಾಗಿ ಆಗುತ್ತೆ, ಅಷ್ಟೇ ಅಲ್ಲ, ಪಳಗಿದವರು ಮಾಡೋದೇ ಹಾಗೆ. ಒಂದು ಉದಾಹರಣೆ ಕಟ್ಟಿ ಹೇಳ್ತೀನಿ. ಒಂದು ಪ್ರತಿಭಟನೆ ನಡೀತು ಅಂದ್ಕೋ, ಸಾವಿರಾರು ಜನ ಬೆಳಗಿಂದ ಸಂಜೆ ತನಕ ಕೂತಿದ್ರು, ಕೊನೇ ಗಳಿಗೇಲಿ ಗುಂಪಿನ ಒಂದು ಮೂಲೆಯಿಂದ ನಾಲ್ಕು ಕಲ್ಲು ಬಿತ್ತು, ಪೊಲೀಸರು ಲಾಠಿ ಬೀಸಿದ್ರು. ಮಾರನೇ ದಿನ ಮೂರು ಪೇಪರ್. ಒಂದರಲ್ಲಿ "ಪ್ರತಿಭಟನಾಕಾರರಿಂದ ಕಲ್ಲು ತೂರಾಟ, ಪೊಲೀಸರಿಗೆ ಗಾಯ". ಇನ್ನೊಂದರಲ್ಲಿ "ಶಾಂತವಾಗಿ ಕೂತಿದ್ದವರ ಮೇಲೆ ಲಾಠಿ ಪ್ರಹಾರ". ಮೂರನೇದರಲ್ಲಿ "ಪ್ರತಿಭಟನೆ: ಸಂಚಾರ ಅಸ್ತವ್ಯಸ್ತ, ವಾಹನ ಸವಾರರ ಪರದಾಟ". ಮೂರರಲ್ಲೂ ಒಂದು ಅಕ್ಷರ ಸುಳ್ಳಿಲ್ಲ.

ಮೊದಲ ಎರಡು ಯಾವ ಕಡೆ ಅಂತ ಓದಿದ ತಕ್ಷಣ ಗೊತ್ತಾಗುತ್ತೆ. ನನಗೆ ಹೆಚ್ಚು ಭಯ ಆಗೋದು ಮೂರನೇದ್ರ ಬಗ್ಗೆ. ಅದು ಯಾರ ಪರಾನೂ ಇಲ್ಲದ ಹಾಗೆ ಕಾಣುತ್ತೆ, ಆದ್ರೆ ಅಷ್ಟು ಜನ ಯಾಕೆ ಬಂದಿದ್ರು, ಏನು ಕೇಳ್ತಿದ್ರು ಅನ್ನೋದು ಸುದ್ದಿಯೊಳಗೆ ಹುಡುಕಿದ್ರೂ ಸಿಗಲ್ಲ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡವರ ಮಾತು ಮಾತ್ರ ಇರುತ್ತೆ. ಓದಿದವರ ತಲೇಲಿ ಉಳಿಯೋದು ಈ ಜನ ತೊಂದ್ರೆ ಕೊಡೋರು ಅಂತ. ಬಿಟ್ಟಿದ್ದನ್ನ ಹಿಡಿಯೋದು ಬರೆದಿದ್ದನ್ನ ಹಿಡಿಯೋದಕ್ಕಿಂತ ಕಷ್ಟ, ಯಾಕಂದ್ರೆ ಇಲ್ಲದೇ ಇರೋದಕ್ಕೆ ಸಾಕ್ಷಿ ಎಲ್ಲಿಂದ ತರ್ತೀಯ? ಅದಕ್ಕೆ ಒಂದು ಅಭ್ಯಾಸ ಮಾಡ್ಕೋ, ಒಂದು ಸುದ್ದಿಯಲ್ಲಿ ಯಾರ ಮಾತು ಮೊದಲು ಬಂದಿದೆ, ಯಾರಿಗೆ ಹೆಸರಿದೆ, ಯಾರು ಬರೀ "ಕೆಲವರು" ಆಗಿದ್ದಾರೆ, ಯಾರನ್ನ ಕೇಳೇ ಇಲ್ಲ, ಪೆನ್ಸಿಲ್ ಹಿಡ್ಕೊಂಡು ಗುರುತು ಹಾಕ್ತಾ ಓದು.

ಯಾವ ಸುದ್ದಿ ದೊಡ್ಡದು ಅಂತ ತೀರ್ಮಾನ ಮಾಡೋ ಅಧಿಕಾರಾನೂ ಸಣ್ಣದಲ್ಲ. 1968ರ ಅಮೆರಿಕ ಚುನಾವಣೆ ಹೊತ್ತಲ್ಲಿ ಮ್ಯಾಕ್ಸ್‌ವೆಲ್ ಮೆಕೂಂಬ್ಸ್, ಡೊನಾಲ್ಡ್ ಶಾ ಅನ್ನೋ ಇಬ್ಬರು ಸಂಶೋಧಕರು ಚಾಪೆಲ್ ಹಿಲ್ ಅನ್ನೋ ಊರಲ್ಲಿ ಯಾರಿಗೆ ವೋಟ್ ಅಂತ ಇನ್ನೂ ಗಟ್ಟಿ ಮಾಡ್ಕೊಳ್ಳದ 100 ಜನರನ್ನ ಮಾತಾಡಿಸಿದ್ರು, ದೇಶದ ಮುಖ್ಯ ಸಮಸ್ಯೆ ಯಾವುದು ಅಂತ. ಜನ ಹೇಳಿದ ಕ್ರಮಕ್ಕೂ ಅಲ್ಲಿನ ಮಾಧ್ಯಮ ಆ ವಿಷಯಗಳಿಗೆ ಕೊಟ್ಟ ಜಾಗದ ಕ್ರಮಕ್ಕೂ ಹೆಚ್ಚುಕಮ್ಮಿ ತಾಳೆ ಆಯ್ತು. 1972ರಲ್ಲಿ ಪ್ರಕಟ ಆದ ಆ ಅಧ್ಯಯನನ ನಿಮ್ಮ ಸಿಲಬಸ್‌ನಲ್ಲಿ ಅಜೆಂಡಾ ಸೆಟ್ಟಿಂಗ್ ಅಂತ ಓದ್ತೀಯ. ಪರೀಕ್ಷೆಗೆ ಮಾತ್ರ ಓದಬೇಡ, ನಾಳೆ ಡೆಸ್ಕ್‌ನಲ್ಲಿ ಕೂತು ಯಾವುದು ಮುಖಪುಟಕ್ಕೆ, ಯಾವುದು ಒಳಗೆ ಒಂದು ಕಾಲಂಗೆ ಅಂತ ಆರಿಸೋಳು ನೀನೇ.

ಪ್ರಶ್ನೆ: ಒಂದೇ ನ್ಯೂಸ್ ನಾನೂ ನಮ್ಮಣ್ಣನೂ ಪಕ್ಕಪಕ್ಕ ಕೂತು ನೋಡ್ತೀವಿ. ನನಗೆ ಆ ಆಂಕರ್ ಅಣ್ಣನ ಕಡೆಯವನು ಅನ್ಸುತ್ತೆ, ಅಣ್ಣನಿಗೆ ನನ್ನ ಕಡೆಯವನು ಅನ್ಸುತ್ತೆ. ದಿನಾ ಜಗಳ. ಯಾರು ಸರಿ?

ಇಬ್ಬರಿಗೂ ಹಾಗೆ ಅನ್ಸೋದು ಸಹಜ, ಇದನ್ನ ಪರೀಕ್ಷೆ ಮಾಡಿ ನೋಡಿದ್ದಾರೆ. 1982ರಲ್ಲಿ ಲೆಬನಾನ್‌ ದೇಶದ ಬೈರೂತ್‌ನಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ಆಯ್ತಲ್ಲ, ಅದರ ಟಿವಿ ವರದಿಗಳ ಅದೇ ತುಣುಕುಗಳನ್ನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ತೋರಿಸಿದ್ರು. ಇಸ್ರೇಲ್ ಪರ ಇದ್ದವರು ಇದು ಇಸ್ರೇಲ್ ವಿರುದ್ಧ ವಾಲಿದೆ ಅಂದ್ರು, ಅರಬ್ಬರ ಪರ ಇದ್ದವರು ಅರಬ್ಬರ ವಿರುದ್ಧ ಅಂದ್ರು. 1985ರಲ್ಲಿ ಪ್ರಕಟ ಆದ ಆ ಅಧ್ಯಯನದಲ್ಲಿ ನನಗೆ ಮುಖ್ಯ ಅನ್ಸಿದ್ದು ಇನ್ನೊಂದು, ವಿಷಯ ಹೆಚ್ಚು ತಿಳ್ಕೊಂಡಿದ್ದ ಪಕ್ಷಸ್ಥರಿಗೇ ಪಕ್ಷಪಾತ ಹೆಚ್ಚು ಕಂಡಿತ್ತು. ಅಂದ್ರೆ ತಿಳುವಳಿಕೆ ಜಾಸ್ತಿ ಆದ ಮಾತ್ರಕ್ಕೆ ಈ ರೋಗ ಹೋಗಲ್ಲ.

ಆದ್ರೆ ಇದನ್ನೇ ಹಿಡ್ಕೊಂಡು "ಎರಡೂ ಕಡೆಯವರು ಬೈತಾರೆ ಅಂದ್ರೆ ನಾವು ಸರಿಯಾಗಿದ್ದೀವಿ ಅಂತಲೇ ಅರ್ಥ" ಅಂತ ಕೆಲವು ಸಂಪಾದಕರು ಹೇಳ್ತಾರಲ್ಲ, ಅದನ್ನ ನಾನು ಒಪ್ಪಲ್ಲ. ಕೆಟ್ಟ ಕೆಲಸ ಮಾಡಿದವರಿಗೂ ಎರಡೂ ಕಡೆಯಿಂದ ಬೈಗುಳ ಬೀಳುತ್ತೆ. ನೀವು ಅಣ್ಣ ತಮ್ಮ ಒಂದು ಕೆಲಸ ಮಾಡಿ, ಮುಂದಿನ ಸಲ ಜಗಳಕ್ಕೆ ಮುಂಚೆ, ಆಂಕರ್ ಹೇಳಿದ ಯಾವ ವಾಕ್ಯ ತಪ್ಪು ಅನ್ನೋದನ್ನ ಇಬ್ಬರೂ ಬೇರೆ ಬೇರೆ ಚೀಟೀಲಿ ಬರೀರಿ. ವಾಕ್ಯ ಸಿಗ್ಲಿಲ್ಲ ಅಂದ್ರೆ ಬಿಟ್ಟಿದ್ದೇನು ಅಂತ ಬರೀರಿ. ಅದೂ ಸಿಗ್ಲಿಲ್ಲ ಅಂದ್ರೆ ಟಿವಿ ಆಫ್ ಮಾಡಿ ಮಲ್ಕೊಳ್ಳಿ.

ಪ್ರಶ್ನೆ: ಮೂಲಗಳ ಪ್ರಕಾರ, ಮೂಲಗಳ ಪ್ರಕಾರ ಅಂತ ದಿನಾ ಹಾಕ್ತಾರಲ್ಲ, ಯಾರು ಸಾರ್ ಈ ಮೂಲಗಳು?

ಹೆಸರಿಲ್ಲದ ಮೂಲ ಇರಲೇಬಾರದು ಅಂತ ನಾನು ಹೇಳಲ್ಲ. ಕೆಲಸ ಹೋಗೋ ಭಯದಲ್ಲಿ, ಜೀವಭಯದಲ್ಲಿ ಸತ್ಯ ಹೇಳೋರು ಇರ್ತಾರೆ, ಅವರ ಹೆಸರು ಮುಚ್ಚಿಡೋದು ಪತ್ರಕರ್ತರ ಧರ್ಮ. ಆದ್ರೆ ಅಧಿಕಾರದಲ್ಲಿ ಇರೋರೇ ಹೆಸರಿಲ್ಲದೆ ಮಾತಾಡೋಕೆ ಶುರು ಮಾಡಿದ್ರೆ ಕಥೆ ಬೇರೆ. ಇದಕ್ಕೆ ಇರಾಕ್ ಯುದ್ಧಕ್ಕಿಂತ ದೊಡ್ಡ ಪಾಠ ಇಲ್ಲ, ಸ್ವಲ್ಪ ವಿವರವಾಗೇ ಹೇಳ್ತೀನಿ.

2002ರ ಸೆಪ್ಟೆಂಬರ್ 8, ಭಾನುವಾರ. ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಇರಾಕ್ ಅಧ್ಯಕ್ಷ ಸದ್ದಾಂ ಹುಸೇನ್ ಅಣುಬಾಂಬ್ ಮಾಡೋಕೆ ವಿಶೇಷ ಅಲ್ಯೂಮಿನಿಯಂ ಟ್ಯೂಬ್‌ಗಳನ್ನ ತರಿಸೋಕೆ ನೋಡ್ತಿದ್ದಾನೆ ಅಂತ ಸುದ್ದಿ, ಹೇಳಿದ್ದು ಹೆಸರಿಲ್ಲದ ಅಮೆರಿಕ ಸರ್ಕಾರದ ಅಧಿಕಾರಿಗಳು. ಅವತ್ತೇ ಬೆಳಗ್ಗೆ ಉಪಾಧ್ಯಕ್ಷ ಡಿಕ್ ಚೇನಿ ಟಿವಿ ಕಾರ್ಯಕ್ರಮದಲ್ಲಿ ಕೂತು, ಟ್ಯೂಬ್ ವಿಷಯ ಇವತ್ತಿನ ನ್ಯೂಯಾರ್ಕ್ ಟೈಮ್ಸ್‌ನಲ್ಲೇ ಬಂದಿದೆ ನೋಡಿ ಅಂದ್ರು. ಗಮನಿಸಿ, ಸರ್ಕಾರದವರು ಪೇಪರ್‌ಗೆ ಹೇಳಿದ್ರು, ಪೇಪರ್ ಬರೀತು, ಮತ್ತೆ ಸರ್ಕಾರದವರೇ ಪೇಪರ್‌ನ ಸಾಕ್ಷಿ ಮಾಡ್ಕೊಂಡ್ರು. ನೋಡೋ ಜನಕ್ಕೆ ಎರಡು ಬೇರೆ ಬೇರೆ ಕಡೆಯಿಂದ ಒಂದೇ ಮಾತು ಬಂತು ಅನ್ಸುತ್ತೆ, ಇದ್ದಿದ್ದು ಒಂದೇ ಕಡೆ. 2003ರ ಮಾರ್ಚ್‌ನಲ್ಲಿ ಇರಾಕ್ ಮೇಲೆ ಅಮೆರಿಕದ ಯುದ್ಧ ಶುರು ಆಯ್ತು, ಹೇಳಿದ ಅಸ್ತ್ರಗಳು ಸಿಗಲೇ ಇಲ್ಲ, ಆ ಟ್ಯೂಬ್‌ಗಳು ಮಾಮೂಲಿ ರಾಕೆಟ್‌ಗೆ ಅಂತ ಆಮೇಲೆ ತನಿಖೆ ಮಾಡಿದವರು ಹೇಳಿದ್ರು.

2004ರ ಮೇ 26ಕ್ಕೆ ಅದೇ ಪತ್ರಿಕೆಯ ಸಂಪಾದಕರು ಓದುಗರಿಗೆ ಒಂದು ಟಿಪ್ಪಣಿ ಬರೆದ್ರು, ನಮ್ಮ ವರದಿಗಳು ಇರಬೇಕಾದಷ್ಟು ಕಟ್ಟುನಿಟ್ಟಾಗಿರ್ಲಿಲ್ಲ ಅಂತ. ಸದ್ದಾಂನ ಇಳಿಸಲೇಬೇಕು ಅಂತ ಹಠ ತೊಟ್ಟಿದ್ದ ದೇಶಬಿಟ್ಟ ಇರಾಕಿಗಳ ಮಾತನ್ನ ಹೆಚ್ಚು ನಂಬಿದ್ವಿ, ಭಯ ಹುಟ್ಟಿಸೋ ಸುದ್ದಿಗೆ ಎದ್ದು ಕಾಣೋ ಜಾಗ ಕೊಟ್ವಿ, ಅದನ್ನ ಪ್ರಶ್ನೆ ಮಾಡೋ ಸುದ್ದಿನ ಕೆಲವೊಮ್ಮೆ ಒಳಗೆ ಹೂತುಹಾಕಿದ್ವಿ ಅಂತೆಲ್ಲಾ ಒಪ್ಕೊಂಡ್ರು. ಅದೇ ಕಾಲದಲ್ಲಿ ನೈಟ್ ರಿಡ್ಡರ್ ಅನ್ನೋ ಸುದ್ದಿಬಳಗದ ವರದಿಗಾರರು ಮೇಲಿನ ಅಧಿಕಾರಿಗಳನ್ನ ಬಿಟ್ಟು ಕೆಳಗೆ ಕೆಲಸ ಮಾಡೋ ಗುಪ್ತಚರ ಸಿಬ್ಬಂದಿನ ಮಾತಾಡಿಸಿ ಈ ಸಾಕ್ಷಿಗಳ ಮೇಲೆ ಅನುಮಾನ ಇದೆ ಅಂತ ಬರೀತಾನೇ ಇದ್ರು. ಅವರ ಮಾತು ಆಗ ಯಾರ ಕಿವಿಗೂ ಅಷ್ಟಾಗಿ ಬೀಳ್ಲಿಲ್ಲ ಅನ್ನೋದು ಇವತ್ತಿಗೂ ಹೊಟ್ಟೆ ಉರಿಸುತ್ತೆ. ಅಷ್ಟು ದೊಡ್ಡ ಹೆಸರಿನ ಪತ್ರಿಕೆ, ಅಷ್ಟು ಅನುಭವಸ್ಥರು, ಆದ್ರೂ ಹೀಗಾಯ್ತು. ಹಾಗಾಗಿ ಒಂದೇ ಸುದ್ದಿ ಹತ್ತು ಕಡೆ ಕಂಡ್ರೆ, ಆ ಹತ್ತೂ ಒಂದೇ ಬಾವಿಯ ನೀರಾ ಅಂತ ನೋಡಿ.

ಪ್ರಶ್ನೆ: ಎರಡೂ ಕಡೆಯವರನ್ನ ಕೂರಿಸಿ ಡಿಬೇಟ್ ಮಾಡಿಸಿದ್ರೆ ಸಮತೋಲನ ಆಯ್ತಲ್ಲ? ಇನ್ನೇನು ಬೇಕು?

ಅಭಿಪ್ರಾಯದ ವಿಷಯ ಆದ್ರೆ ಸರಿ, ತೆರಿಗೆ ಎಷ್ಟಿರಬೇಕು ಅಂತ ಇಬ್ಬರು ವಾದ ಮಾಡ್ಲಿ. ಸಾಕ್ಷಿ ಪೂರ್ತಿ ಒಂದು ಕಡೆ ಇರೋ ವಿಷಯದಲ್ಲಿ ಇಬ್ಬರಿಗೂ ಸಮ ಸಮ ಸಮಯ ಕೊಟ್ರೆ ಅದೇ ಪಕ್ಷಪಾತ ಆಗುತ್ತೆ. 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತೆ ಸಂಗಡಿಗರು ಬರೀ 12 ಮಕ್ಕಳ ಮೇಲೆ ಒಂದು ಲೇಖನ ಬರೆದ್ರು, ದಡಾರ, ಮಂಗನಬಾವು, ರುಬೆಲ್ಲಾ ತಡೆಯೋಕೆ ಮಕ್ಕಳಿಗೆ ಹಾಕೋ ಎಂಎಂಆರ್ ಲಸಿಕೆಗೂ ಆಟಿಸಂ ಅನ್ನೋ ಬೆಳವಣಿಗೆಯ ತೊಂದರೆಗೂ ನಂಟಿದೆಯೇನೋ ಅನ್ನೋ ಭಯ ಅಲ್ಲಿಂದ ಹಬ್ಬಿತು. ಬ್ರಿಟನ್‌ನ ಪೇಪರ್, ಟಿವಿಗಳು ವರ್ಷಗಟ್ಟಲೆ ಒಂದು ಕಡೆ ಡಾಕ್ಟರ್, ಇನ್ನೊಂದು ಕಡೆ ಭಯಬಿದ್ದ ಅಪ್ಪ ಅಮ್ಮ, ಹೀಗೆ ನಡೆಸಿದ್ರು. ನೋಡಿದವರಿಗೆ ವಿಜ್ಞಾನಿಗಳೇ ಅರ್ಧ ಅರ್ಧ ಆಗಿದ್ದಾರೆ ಅನ್ನಿಸ್ತು. ಇಂಗ್ಲೆಂಡ್‌ನಲ್ಲಿ 90ಕ್ಕಿಂತ ಮೇಲಿದ್ದ ಲಸಿಕೆ ಪ್ರಮಾಣ 2003-04ರ ಹೊತ್ತಿಗೆ ಶೇಕಡಾ 80ರ ಆಸುಪಾಸಿಗೆ ಇಳೀತು, ದಡಾರ ವಾಪಸ್ ಬಂತು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನನ ಹಿಂದಕ್ಕೆ ತಗೊಳ್ತು.

ಇದನ್ನ ಹೇಳುವಾಗ ಇನ್ನೊಂದು ಮಾತನ್ನೂ ಹೇಳ್ಲೇಬೇಕು, ಆ ಸಂಶೋಧನೆಯ ಹಿಂದಿದ್ದ ದುಡ್ಡಿನ ವ್ಯವಹಾರನ ಬಯಲಿಗೆ ಎಳೆದಿದ್ದೂ ಒಬ್ಬ ಪತ್ರಕರ್ತನೇ, ಸಂಡೇ ಟೈಮ್ಸ್‌ಗೆ ಬರೀತಿದ್ದ ಬ್ರಯನ್ ಡೀರ್, 2004ರಲ್ಲಿ ಶುರು ಮಾಡಿ ವರ್ಷಗಟ್ಟಲೆ ಬೆನ್ನುಹತ್ತಿದ್ರು. ಮೀಡಿಯಾ ಎಲ್ಲಾ ಕಳ್ಳರು ಅಂತ ಒಂದೇ ಮಾತಲ್ಲಿ ಹೇಳೋರಿಗೆ ನಾನು ತೋರಿಸೋದು ಇದನ್ನೇ.

ಪ್ರಶ್ನೆ: ನಿಮ್ಮ ಮ್ಯಾಗಜೀನ್‌ಗೂ ಜಾಹೀರಾತು ಬರುತ್ತಲ್ಲ? ದುಡ್ಡು ಕೊಟ್ಟವರ ವಿರುದ್ಧ ಬರೀತೀರಾ?

ನ್ಯಾಯವಾದ ಪ್ರಶ್ನೆ, ಎಲ್ಲಾ ಪತ್ರಿಕೆಗೂ ಕೇಳಬೇಕಾದ ಪ್ರಶ್ನೆ, ನಮ್ಮನ್ನೂ ಸೇರಿಸಿ. ಜಾಹೀರಾತು ಕೊಟ್ಟವರು ಫೋನ್ ಮಾಡಿ ಇದನ್ನ ಬರೀಬೇಡಿ ಅಂತ ಹೇಳೋದು ಅಪರೂಪ, ಅದರ ಅಗತ್ಯಾನೇ ಬರಲ್ಲ, ಬರೆಯೋರು ತಾವಾಗೇ ಆ ಕಡೆ ಹೋಗೋದು ಬಿಡ್ತಾರೆ. 1992ರಲ್ಲಿ ಅಮೆರಿಕದ ಮ್ಯಾಗಜೀನ್‌ಗಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು, ಸಿಗರೇಟ್ ಜಾಹೀರಾತು ಹೆಚ್ಚಿದ್ದ ಮ್ಯಾಗಜೀನ್‌ಗಳಲ್ಲಿ ಧೂಮಪಾನದ ಅಪಾಯದ ಬಗ್ಗೆ ಲೇಖನ ಬರೋ ಸಾಧ್ಯತೆ ಕಮ್ಮಿ ಇತ್ತು, ಹೆಂಗಸರ ಮ್ಯಾಗಜೀನ್‌ಗಳಲ್ಲಿ ಇದು ಇನ್ನೂ ಜೋರಾಗಿತ್ತು.

ನಮ್ಮ ದೇಶದಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯ್ತು, ಜಾಹೀರಾತನ್ನೇ ಸುದ್ದಿ ವೇಷದಲ್ಲಿ ಹಾಕಿದ್ರು. 2009ರ ಚುನಾವಣೆಗಳಲ್ಲಿ ಮಹಾರಾಷ್ಟ್ರದ ಪೈಪೋಟಿಯ ಪತ್ರಿಕೆಗಳಲ್ಲಿ ಒಬ್ಬ ನಾಯಕರ ಹೊಗಳಿಕೆ ಲೇಖನ ಅಕ್ಷರಕ್ಕೆ ಅಕ್ಷರ ಒಂದೇ ಥರ ಬಂದಿದ್ದನ್ನ ಪತ್ರಕರ್ತ ಪಿ. ಸಾಯಿನಾಥ್ ಹಿಡಿದು ಬರೆದ್ರು. ಪತ್ರಿಕೆಗಳ ಮೇಲಿನ ದೂರುಗಳನ್ನ ನೋಡೋ ಪ್ರೆಸ್ ಕೌನ್ಸಿಲ್ ಇದರ ತನಿಖೆಗೆ ಇಬ್ಬರ ಉಪಸಮಿತಿ ಮಾಡ್ತು, ಆದ್ರೆ 2010ರಲ್ಲಿ ಪತ್ರಿಕೆಗಳ ಹೆಸರಿದ್ದ ಪೂರ್ತಿ ವರದಿನ ಕೌನ್ಸಿಲ್ ಹೊರಗೆ ಬಿಡ್ಲಿಲ್ಲ, ಮೊಟಕು ಮಾಡಿದ್ದನ್ನ ಕೊಡ್ತು, 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ ಪೂರ್ತಿದು ಬಂತು. ನಮ್ಮ ಬಗ್ಗೆ ನಾನು ಏನೇ ಸರ್ಟಿಫಿಕೇಟ್ ಕೊಟ್ಕೊಂಡ್ರೂ ಬೆಲೆ ಇಲ್ಲ, ನೀವು ಸಂಚಿಕೆಗಳನ್ನ ಇಟ್ಕೊಂಡು ಜಾಹೀರಾತು ಯಾರದ್ದು, ಯಾರ ಬಗ್ಗೆ ನಾವು ಬರೀತಾ ಇಲ್ಲ ಅಂತ ನೋಡಿ, ಕಂಡ್ರೆ ಬರೀರಿ, ಇದೇ ಅಂಕಣದಲ್ಲಿ ಹಾಕ್ತೀನಿ.

ಪ್ರಶ್ನೆ: ಚಾನೆಲ್ ನೋಡಿ ವೋಟ್ ಬದಲಾಗುತ್ತಾ, ಅಥವಾ ಸುಮ್ನೆ ಹೇಳ್ತಾರಾ?

ಸ್ವಲ್ಪ ಬದಲಾಗುತ್ತೆ. ರಿಪಬ್ಲಿಕನ್ ಪಕ್ಷದ ಕಡೆ ವಾಲಿರೋ ಫಾಕ್ಸ್ ನ್ಯೂಸ್ ಚಾನೆಲ್ 1996ರಲ್ಲಿ ಶುರುವಾದಾಗ ಅಮೆರಿಕದ ಕೆಲವು ಊರುಗಳ ಕೇಬಲ್‌ಗೆ ಬಂತು, ಕೆಲವಕ್ಕೆ ಬರ್ಲಿಲ್ಲ. 2007ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಎರಡೂ ಥರದ ಊರುಗಳನ್ನ ಹೋಲಿಸಿ, 2000ದ ಚುನಾವಣೆ ಹೊತ್ತಿಗೆ ಚಾನೆಲ್ ಬಂದ ಕಡೆ ಆ ಪಕ್ಷದ ಮತಗಳ ಪಾಲು ಶೇಕಡಾ 0.4ರಿಂದ 0.7 ಅಂಶದಷ್ಟು ಏರಿತ್ತು ಅಂತ ಲೆಕ್ಕ ಹಾಕಿದ್ರು. ಸಣ್ಣದು ಅನ್ಸುತ್ತೆ, ಆದ್ರೆ ಆ ಚುನಾವಣೆ ತೀರ್ಮಾನ ಆಗಿದ್ದು ಫ್ಲಾರಿಡಾದ 537 ಮತಗಳ ಮೇಲೆ.

ಪ್ರಶ್ನೆ: ನಾನಂತೂ ನ್ಯೂಸ್ ನೋಡೋದೇ ಬಿಟ್ಟೆ. ವಾಟ್ಸಾಪ್‌ನಲ್ಲಿ ಎಲ್ಲಾ ಬರುತ್ತೆ, ಅಲ್ಲಿ ಯಾರೂ ಮಾಲೀಕರಿಲ್ಲ, ಮುಲಾಜಿಲ್ಲ.

ದಯವಿಟ್ಟು ಹಾಗೆ ಮಾಡ್ಬೇಡಿ ಮೇಡಂ. ಪೇಪರ್ ತಪ್ಪು ಬರೆದ್ರೆ ಹಿಡಿದು ಕೇಳೋಕೆ ಒಂದು ವಿಳಾಸ ಇರುತ್ತೆ, ಒಬ್ಬ ಸಂಪಾದಕ ಇರ್ತಾನೆ, ಕೋರ್ಟಿಗೆ ಎಳೀಬಹುದು. ಫಾರ್ವರ್ಡ್‌ಗೆ ಯಾರನ್ನ ಕೇಳ್ತೀರ? 2018ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರ ತನಕ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನ ನೋಡಿದ್ರು, ಸುಳ್ಳು ಸುದ್ದಿ ಮರುಹಂಚಿಕೆ ಆಗೋ ಸಾಧ್ಯತೆ ನಿಜದ್ದಕ್ಕಿಂತ ಶೇಕಡಾ 70ರಷ್ಟು ಹೆಚ್ಚಿತ್ತು. ಹಬ್ಬಿಸಿದ್ದು ಬಹುಪಾಲು ಮನುಷ್ಯರೇ, ಯಂತ್ರಗಳಲ್ಲ, ಯಾಕಂದ್ರೆ ಸುಳ್ಳು ಹೊಸದಾಗಿ ಕಾಣುತ್ತೆ, ಆಶ್ಚರ್ಯ ಹುಟ್ಟಿಸುತ್ತೆ.

ಒಂದು ಉಪಾಯ ಹೇಳ್ಕೊಡ್ತೀನಿ. ಸ್ಟ್ಯಾನ್‌ಫರ್ಡ್‌ನವರು ಒಂದು ಸಲ ಇತಿಹಾಸದ ಪ್ರೊಫೆಸರ್‌ಗಳು, ವಿದ್ಯಾರ್ಥಿಗಳು, ಫ್ಯಾಕ್ಟ್ ಚೆಕ್ ಮಾಡೋರು, ಮೂರು ಗುಂಪಿಗೂ ಒಂದೇ ವೆಬ್‌ಸೈಟ್‌ಗಳನ್ನ ಕೊಟ್ಟು ನಂಬಬಹುದಾ ನೋಡಿ ಅಂದ್ರು. ಪ್ರೊಫೆಸರ್‌ಗಳು, ವಿದ್ಯಾರ್ಥಿಗಳಲ್ಲಿ ಬಹಳ ಜನ ಅದೇ ಪುಟನ ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಚೆಂದದ ಲೋಗೋ ನೋಡಿ ಮೋಸ ಹೋದ್ರು. ಫ್ಯಾಕ್ಟ್ ಚೆಕ್ ಮಾಡೋರು ಪುಟ ತೆರೆದ ಸ್ವಲ್ಪ ಹೊತ್ತಿಗೇ ಅದನ್ನ ಬಿಟ್ಟು ಬೇರೆ ಟ್ಯಾಬ್‌ಗಳಲ್ಲಿ ಇವರ ಬಗ್ಗೆ ಉಳಿದವರು ಏನು ಹೇಳ್ತಾರೆ ಅಂತ ಹುಡುಕಿದ್ರು, ಬೇಗಾನೂ ಮುಗಿಸಿದ್ರು, ಸರಿಯಾಗೂ ಹೇಳಿದ್ರು. ಫಾರ್ವರ್ಡ್ ಬಂದಾಗ ಅದನ್ನೇ ನಾಲ್ಕು ಸಲ ಓದ್ಬೇಡಿ, ಹೊರಗೆ ಹೋಗಿ ಹುಡುಕಿ.

ಪ್ರಶ್ನೆ: ತಪ್ಪು ಸುದ್ದಿ ಕಂಡ್ರೆ ಪತ್ರ ಬರೆದು ಏನು ಪ್ರಯೋಜನ? ಯಾರು ಓದ್ತಾರೆ?

ಬರೀದೇ ಇದ್ರೆ ಏನಾಗುತ್ತೆ ಅಂತ ಮೊದಲು ಹೇಳ್ತೀನಿ. ಜೇಸನ್ ಬ್ಲೇರ್ ಅಂತ ನ್ಯೂಯಾರ್ಕ್ ಟೈಮ್ಸ್‌ನ ಯುವ ವರದಿಗಾರ, ಹೋಗದೇ ಇರೋ ಊರಿಂದ ವರದಿ ಕಳಿಸ್ತಿದ್ದ, ಆಡದ ಮಾತನ್ನ ಜನರ ಬಾಯಲ್ಲಿ ಇಡ್ತಿದ್ದ. ಇರಾಕ್‌ನಲ್ಲಿ ಸೆರೆಸಿಕ್ಕಿದ್ದ ಸೈನಿಕಳ ತಂದೆ ತಮ್ಮ ಮನೆ ಜಗಲಿ ಮೇಲೆ ನಿಂತಿದ್ದಾಗ ಅಲ್ಲಿಂದ ತಂಬಾಕಿನ ಹೊಲ, ದನ ಮೇಯೋ ಹುಲ್ಲುಗಾವಲು ಕಾಣ್ತಿತ್ತು ಅಂತ ಬರೆದ, ಆ ಮನೆಯಿಂದ ಅಂಥದ್ದೇನೂ ಕಾಣಲ್ಲ. ಮನೆಯವರು ಓದಿ ನಕ್ಕು ಸುಮ್ಮನಾದ್ರು, ಪತ್ರಿಕೆಗೆ ಹೇಳ್ಲಿಲ್ಲ. ಹಾಗೆ ಸುಮ್ಮನಾದವರು ಅವರೊಬ್ಬರೇ ಅಲ್ಲ. ಕೊನೆಗೆ ಟೆಕ್ಸಾಸ್‌ನ ಇನ್ನೊಂದು ಪತ್ರಿಕೆಯವರು, ನಮ್ಮ ವರದಿನ ಕದ್ದಿದ್ದಾನೆ ಅಂತ ಬರೆದು ಕೇಳಿದ ಮೇಲೆ ಎಲ್ಲಾ ಹೊರಗೆ ಬಂತು, 2003ರ ಮೇ ತಿಂಗಳಲ್ಲಿ ಪತ್ರಿಕೆ ತಾನೇ ತನಿಖೆ ಮಾಡಿ 73 ವರದಿಗಳಲ್ಲಿ ಕನಿಷ್ಠ 36ರಲ್ಲಿ ದೋಷ ಇದೆ ಅಂತ ಪ್ರಕಟಿಸ್ತು, ಮುಂದಿನ ತಿಂಗಳು ಮೇಲಿನ ಇಬ್ಬರು ಸಂಪಾದಕರು ರಾಜೀನಾಮೆ ಕೊಟ್ರು. ಆ ಜಗಲಿ ಸುದ್ದಿ ಬಂದಾಗಲೇ ಒಂದು ಫೋನ್ ಹೋಗಿದ್ರೆ ಇನ್ನೂ ಬೇಗ ಸಿಕ್ಕಿಬೀಳ್ತಿದ್ನೋ ಏನೋ.

ಯಾರು ಓದ್ತಾರೆ ಅಂದ್ರಲ್ಲ, ಡೆಸ್ಕ್‌ನಲ್ಲಿ ಇರೋ ನಾವು ಓದ್ತೀವಿ. "ನೀವೆಲ್ಲಾ ಮಾರ್ಕೊಂಡಿದ್ದೀರ" ಅಂತ ಮಾತ್ರ ಬರೆದ್ರೆ ಅದರಲ್ಲಿ ತಿದ್ದೋಕೆ ಏನೂ ಇರಲ್ಲ. ಯಾವ ದಿನದ ಸುದ್ದಿ, ಎಷ್ಟನೇ ಪುಟ, ಯಾವ ವಾಕ್ಯ, ಸರಿಯಾದದ್ದು ಏನು, ಅದಕ್ಕೆ ದಾಖಲೆ ಏನು, ಇಷ್ಟನ್ನ ಅರ್ಧ ಪುಟದಲ್ಲಿ ಬರೆದು ಕಳಿಸಿ, ಒಂದು ವಾರ ಬಿಟ್ಟು ಮತ್ತೆ ಕೇಳಿ. ಪತ್ರಿಕೆ ಆಗಿದ್ದು ಉತ್ತರಾನೇ ಬರ್ಲಿಲ್ಲ ಅಂದ್ರೆ ಆ ಪತ್ರದ ಪ್ರತಿ ಇಟ್ಕೊಂಡು ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಬಹುದು, ಅದಕ್ಕೂ ಮೊದಲು ಸಂಪಾದಕರಿಗೆ ಬರೆದಿದ್ದೀರ ಅನ್ನೋದನ್ನ ಅವರು ಕೇಳ್ತಾರೆ.